ಗುರುತು ಹಾಕಿದ್ದು ಯಾರು?

ಬೆಂಕಿ ಹಚ್ಚಿದ ತಕ್ಷಣ ನೀರು ಕಾಯಲ್ಲ. ಬಚ್ಚಲುಮನೆಯಲ್ಲಿ ಹಂಡೆ ಇರುವ ಮನೆಯಲ್ಲಿ ಬೆಳೆದವರಿಗೆಲ್ಲ ಇದು ಗೊತ್ತು. ಆರು ಗಂಟೆಗೆ ಸ್ನಾನ ಆಗಬೇಕು ಅಂದ್ರೆ ಐದೂವರೆಗೇ ಒಲೆಗೆ ತೆಂಗಿನ ಗರಿ ತುರುಕಿರಬೇಕು. ಸೌದೆ ಹಸಿಯಾಗಿದ್ರೆ ಐದಕ್ಕೇ ಏಳಬೇಕು. ಮನೆಗೆ ನೆಂಟರು ಬಂದು ಒಬ್ಬರ ಹಿಂದೆ ಒಬ್ಬರು ಬಚ್ಚಲಿಗೆ ನುಗ್ಗುವ ದಿನ ಇನ್ನೂ ಮುಂಚೆ. ಉರಿ ಹಚ್ಚೋ ಹೊತ್ತು ಬೇರೆ, ಉರಿ ಕೆಲಸಕ್ಕೆ ಬರೋ ಹೊತ್ತು ಬೇರೆ. ಪೆಟ್ರೋಲ್ ಎಂಜಿನ್ನಿನ ಟೈಮಿಂಗ್ ಅಂತಾರಲ್ಲ, ಅದು ಇಷ್ಟೇ.

ಪಿಸ್ಟನ್ನು ಮೇಲಕ್ಕೆ ಬರ್ತಾ ಪೆಟ್ರೋಲು-ಗಾಳಿಯ ಮಿಶ್ರಣವನ್ನ ಒತ್ತುತ್ತೆ. ಪ್ಲಗ್ಗು ಕಿಡಿ ಹಾರಿಸುತ್ತೆ. ಆ ಕಿಡಿ ಇಡೀ ಮಿಶ್ರಣಕ್ಕೆ ಹತ್ತಿ ಉರಿಯೋಕೆ ಹೆಚ್ಚುಕಮ್ಮಿ ಎರಡು ಮಿಲಿಸೆಕೆಂಡ್ ಬೇಕು. ಪಿಸ್ಟನ್ನು ತುದಿ ಮುಟ್ಟಿ ಕೆಳಗಿಳಿಯೋಕೆ ಶುರು ಮಾಡಿದ ಮೇಲೆ ಒತ್ತಡ ಜೋರಾಗಿ ಬೀಳಬೇಕು ಅಂದ್ರೆ, ಕಿಡಿ ತುದಿಗಿಂತ ಮುಂಚೆಯೇ ಹಾರಿರಬೇಕು. ಎಷ್ಟು ಮುಂಚೆ ಅನ್ನೋದನ್ನ ಕ್ರ್ಯಾಂಕ್ ತಿರುಗುವ ಡಿಗ್ರಿಯಲ್ಲಿ ಅಳೀತಾರೆ.

ಲೆಕ್ಕ ಹಾಕಿ ನೋಡಿ. ಎಂಜಿನ್ನು ನಿಮಿಷಕ್ಕೆ 600 ಸುತ್ತು ತಿರುಗುವಾಗ ಒಂದು ಡಿಗ್ರಿಗೆ ಸಿಗುವ ಸಮಯ 0.28 ಮಿಲಿಸೆಕೆಂಡ್. 3000 ಸುತ್ತಿಗೆ ಹೋದ್ರೆ ಅದೇ ಒಂದು ಡಿಗ್ರಿಗೆ 0.056 ಮಿಲಿಸೆಕೆಂಡ್. ಬೆಂಕಿ ಮಾತ್ರ ಅಷ್ಟೇನೂ ಅವಸರ ಮಾಡಲ್ಲ. ಹಾಗಾಗಿ ವೇಗ ಹೆಚ್ಚಾದ ಹಾಗೆ ಕಿಡಿಯನ್ನ ಇನ್ನೂ ಹಿಂದಿನ ಡಿಗ್ರಿಗೆ ಎಳ್ಕೊಂಡು ಬರಬೇಕು. ಈಗಿನ ಕಾರುಗಳಲ್ಲಿ ಇದನ್ನ ನಮ್ಮಂಥವರು ಬರೆದ ಸಾಫ್ಟ್‌ವೇರ್ ಮಾಡುತ್ತೆ. ಹಳೇ ಕಾರುಗಳಲ್ಲಿ ಎರಡು ಪುಟ್ಟ ತೂಕದ ತುಂಡು, ಎರಡು ಸ್ಪ್ರಿಂಗು, ಒಂದು ರಬ್ಬರ್ ಪೊರೆ ಸೇರಿ ಮಾಡ್ತಿದ್ವು. ವೇಗ ಹೆಚ್ಚಿದಾಗ ತೂಕಗಳು ಹೊರಕ್ಕೆ ಸಿಡಿದು ಕಿಡಿಯನ್ನ ಮುಂದಕ್ಕೆ ತರ್ತವೆ. ಹಗುರವಾಗಿ ಓಡಿಸುವಾಗ, ಅಂದ್ರೆ ಮಿಶ್ರಣ ತೆಳುವಾಗಿ ನಿಧಾನಕ್ಕೆ ಉರಿಯುವಾಗ, ಎಂಜಿನ್ನಿನ ಎಳೆತದಿಂದ ಆ ಪೊರೆ ಹಿಗ್ಗಿ ಇನ್ನಷ್ಟು ಮುಂದಕ್ಕೆ ತರುತ್ತೆ. ಒಂದು ಸಾಲು ಕೋಡಿಲ್ಲದ ಕಂಪ್ಯೂಟರ್ರು ಅದು.

ಕಿಡಿ ತೀರಾ ಮುಂಚೆ ಬಂದ್ರೆ, ಜೋಕಾಲಿ ಇನ್ನೂ ನಮ್ಮ ಕಡೆ ಬರ್ತಿರುವಾಗಲೇ ಎದುರಿಗೆ ನಿಂತು ತಳ್ಳಿದ ಹಾಗೆ. ಟಕಟಕ ಸದ್ದು, ಕೊನೆಗೆ ಪಿಸ್ಟನ್ನೇ ಒಡೆಯುತ್ತೆ. ತಡವಾಗಿ ಬಂದ್ರೆ, ಜೋಕಾಲಿ ಆಗಲೇ ದೂರ ಹೋದ ಮೇಲೆ ಗಾಳಿಯನ್ನ ತಳ್ಳಿದ ಹಾಗೆ. ಶಕ್ತಿ ಇಲ್ಲ. ಜೊತೆಗೆ ಉರಿ ಮುಗಿಯೋ ಮುಂಚೆಯೇ ಹೊಗೆ ಹೋಗೋ ಬಾಗಿಲು ತೆಗೆಯೋದ್ರಿಂದ, ಚಕ್ರ ತಿರುಗಿಸಬೇಕಾದ ಬಿಸಿಯೆಲ್ಲ ಕೊಳವೆಗಳಿಗೂ ರೇಡಿಯೇಟರ್ ನೀರಿಗೂ ಹೋಗುತ್ತೆ.

ಇಷ್ಟೆಲ್ಲ ಪೀಠಿಕೆ ಯಾಕೆ ಅಂದ್ರೆ, ನಮ್ಮ ಎದುರುಮನೆ ಯಜಮಾನರ ಕಾರಿಗೆ ಆಗಿದ್ದೇ ಇದು. ಆದರೆ ಅದು ಗೊತ್ತಾಗೋಕೆ ಎರಡು ವರ್ಷ ಹಿಡೀತು.

ನಾನಿರೋದು ಮಿಷಿಗನ್ನಿನಲ್ಲಿ, ಡಿಯರ್‌ಬಾರ್ನಿಗೆ ಅರ್ಧ ಗಂಟೆ ದೂರ. ಈ ಕಡೆ ಕಾರು ಅಂದ್ರೆ ನಮ್ಮೂರ ಕಡೆ ಎತ್ತು ಇದ್ದ ಹಾಗೆ. ಹಲ್ಲು ನೋಡಿ ವಯಸ್ಸು ಹೇಳೋರು ಬೀದಿಗೊಬ್ಬರು ಸಿಗ್ತಾರೆ. ಎದುರುಮನೆಯವರಿಗೆ ಎಪ್ಪತ್ತೆಂಟು ವರ್ಷ. ಇಲ್ಲಿಯವರ ಹಾಗೆ ಅವರನ್ನ ಹೆಸರು ಹಿಡಿದು ಕರೆಯೋಕೆ ನನಗೆ ಇವತ್ತಿಗೂ ನಾಲಿಗೆ ಹೊರಳಲ್ಲ, ಸರ್ ಅಂತೀನಿ. ಅವರು ನಗ್ತಾರೆ. ಅವರ ಗ್ಯಾರೇಜಿನಲ್ಲಿರೋದು 1966ರ ಫೋರ್ಡ್ ಮಸ್ಟಾಂಗ್.

ಮಸ್ಟಾಂಗ್ ಜನರ ಮುಂದೆ ಬಂದಿದ್ದು 1964ರ ಏಪ್ರಿಲ್ 17ರಂದು, ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ. ಆಗ ಅದರ ಆರಂಭಿಕ ಬೆಲೆ 2,368 ಡಾಲರ್. ಸಂಬಳಗಾರನ ಕೈಗೆ ಸಿಗುವ ಸೊಗಸುಗಾರ ಕಾರು ಅಂತ ಜನ ಮುಗಿಬಿದ್ದರು. 1966ರ ಮಾಡೆಲ್ ಒಂದೇ 6 ಲಕ್ಷಕ್ಕೂ ಹೆಚ್ಚು ತಯಾರಾಯಿತು. ಇವರದ್ದು 289 ಘನ ಇಂಚಿನ ವಿ-8 ಎಂಜಿನ್ನು, ನಾಲ್ಕು ಬಾಯಿಯ ಕಾರ್ಬುರೇಟರು, 225 ಕುದುರೆ ಶಕ್ತಿ. ಇಪ್ಪತ್ತೆರಡನೇ ವಯಸ್ಸಿಗೆ ಹೊಸದಾಗಿಯೇ ಕೊಂಡು, ಮುಂದಿನ ವರ್ಷ ಅದರಲ್ಲೇ ಮದುವೆಗೆ ಹೋಗಿ, ಹೆಂಡತಿಯನ್ನ ಅದರಲ್ಲೇ ಮನೆಗೆ ಕರ್ಕೊಂಡು ಬಂದವರು.

ಆ ಅಮ್ಮನಿಗೆ ಈಗ ಮರೆವಿನ ಕಾಯಿಲೆ. ಹನ್ನೊಂದು ಮೈಲಿ ದೂರದ ಆರೈಕೆ ಮನೆಯೊಂದರಲ್ಲಿದ್ದಾರೆ. ಯಜಮಾನರು ದಿನಾ ಹೋಗಿ ಬರ್ತಾರೆ. ಭಾನುವಾರ ಅವರನ್ನ ಕಾರಿನಲ್ಲಿ ಕೂರಿಸಿಕೊಂಡು ನದಿ ದಂಡೆವರೆಗೆ ಒಂದು ಸುತ್ತು ಹಾಕಿಸೋದು ವಾಡಿಕೆ. ಅದು ಮಸ್ಟಾಂಗಿನಲ್ಲಿ ನಡೀತಿದ್ದ ವಾಡಿಕೆ. ಕಾರು ಕೈಕೊಟ್ಟ ಮೇಲೆ ಇನ್ನೊಂದು ಕಾರು ತಗೊಂಡು ಹೋಗ್ತಿದ್ದರು. ಆ ಅಮ್ಮ ಬಾಗಿಲ ಹತ್ರ ಬಂದು ನಿಂತು, ಇದು ಯಾರ ಕಾರು ಅಂತ ಕೇಳ್ತಾರಂತೆ. ಪರರ ಕಾರಿಗೆ ನಾನ್ಯಾಕೆ ಹತ್ತಲಿ ಅಂತ ಒಳಗೆ ಹೋಗಿಬಿಡ್ತಾರಂತೆ. ಇದನ್ನ ಅವರು ನನಗೆ ಬೇಸಿಗೆಯ ಒಂದು ಸಂಜೆ, ಹುಲ್ಲು ಕತ್ತರಿಸುವ ಯಂತ್ರ ನಿಲ್ಲಿಸಿ, ಹವಾಮಾನದ ಮಾತು ಆಡುವಷ್ಟೇ ಸಲೀಸಾಗಿ ಹೇಳಿದರು. ಆಮೇಲೆ ಯಂತ್ರ ಮತ್ತೆ ಚಾಲೂ ಮಾಡಿದರು.

ಮಸ್ಟಾಂಗಿನ ಕಾಯಿಲೆ ಹೀಗಿತ್ತು. ಶುರು ಆಗುತ್ತೆ, ಆದರೆ ಏರಿನಲ್ಲಿ ಉಸಿರು ಕಟ್ಟುತ್ತೆ. ಐದಾರು ಮೈಲಿ ಹೋಗೋಷ್ಟರಲ್ಲಿ ಬಿಸಿಯ ಮುಳ್ಳು ಮೇಲೆ ಹೋಗುತ್ತೆ. ಎರಡು ಗ್ಯಾರೇಜು ಸುತ್ತಿ ಬಂದಿತ್ತು. ಒಬ್ಬರು ರೇಡಿಯೇಟರ್ ಬದಲಿಸಿದ್ದರು, ಇನ್ನೊಬ್ಬರು ಕಾರ್ಬುರೇಟರ್ ಬಿಚ್ಚಿ ಜೋಡಿಸಿದ್ದರು. ಪಾಯಿಂಟು, ಕಂಡೆನ್ಸರು, ಪ್ಲಗ್ಗು, ವೈರು ಎಲ್ಲಾ ಹೊಸದು. ಟೈಮಿಂಗನ್ನ ಇಬ್ಬರೂ ಲೈಟು ಹಿಡಿದು ನೋಡಿದ್ದರು. ಕೈಪಿಡಿ ಹೇಳೋದು ತುದಿಗಿಂತ 6 ಡಿಗ್ರಿ ಮುಂಚೆ. ಕಾರು ತೋರಿಸ್ತಿದ್ದಿದ್ದೂ ಕರೆಕ್ಟಾಗಿ 6. ಹಾಗಾದ್ರೆ ಎಂಜಿನ್ನೇ ಸವೆದಿದೆ, ಪೂರ್ತಿ ಬಿಚ್ಚಬೇಕು, ಕಾರಿನ ಬೆಲೆಯ ಅರ್ಧ ಖರ್ಚು ಬರುತ್ತೆ ಅಂತ ತೀರ್ಪು ಬಂತು. ಯಜಮಾನರು ಇದ್ದ ಹಾಗೇ ಮಾರಿಬಿಡೋಕೆ ಒಬ್ಬ ಗಿರಾಕಿಯನ್ನ ಮಾತಾಡಿಸಿದ್ದರು. ಅವನು ಬರೋಕೆ ಹತ್ತು ದಿನ ಇತ್ತು. ಅಷ್ಟರೊಳಗೆ ಒಂದ್ಸಲ ನೋಡ್ತೀನಿ ಸರ್ ಅಂದೆ. ನೋಡು, ಅದರಿಂದ ಇನ್ನೇನು ಹಾಳಾಗುತ್ತೆ ಅಂದರು.

ನನಗೆ ಈ ಹುಚ್ಚು ಅಂಟಿದ್ದು ಅಪ್ಪನ ಯೆಜ್ಡಿಯಿಂದ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ ಗಾಡಿ. 1996ರಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿದ ಮೇಲೂ ನಮ್ಮ ಕಡೆ ಹಳ್ಳಿಗಳಲ್ಲಿ ಹಾಲಿನ ಕ್ಯಾನು, ಗೊಬ್ಬರದ ಮೂಟೆ, ಹೆರಿಗೆ ನೋವಿನ ಹೆಂಗಸರು ಎಲ್ಲಾ ಅದರ ಮೇಲೇ ಓಡಾಡಿದ್ದು. ಸಂತೆಬೀದಿಯ ಮೇಸ್ತ್ರಿ ಅದರ ಟೈಮಿಂಗ್ ಇಡ್ತಿದ್ದ ರೀತಿ ನೋಡಬೇಕಿತ್ತು. ಪ್ಲಗ್ಗು ಬಿಚ್ಚಿ, ಆ ತೂತಿನೊಳಗೆ ಒಂದು ಸೈಕಲ್ ಕಡ್ಡಿ ಇಳಿಬಿಟ್ಟು, ಪಿಸ್ಟನ್ನಿನ ತುದಿ ಎಲ್ಲಿ ಅಂತ ಬೆರಳಲ್ಲೇ ನೋಡೋನು. ಕಡ್ಡಿ ಮೇಲೆ ಉಗುರಲ್ಲಿ ಗುರುತು. ಪಾಯಿಂಟುಗಳ ನಡುವೆ ಸಿಗರೇಟ್ ಪ್ಯಾಕಿನ ತೆಳು ಕಾಗದ ಸಿಗಿಸಿ ಮೆಲ್ಲಗೆ ಎಳೀತಾ ಇನ್ನೊಂದು ಕೈಯಲ್ಲಿ ಎಂಜಿನ್ ತಿರುಗಿಸೋನು. ಕಾಗದ ಯಾವಾಗ ಬಿಡುತ್ತೋ ಆಗ ಪಾಯಿಂಟು ತೆಗೀತು, ಕಿಡಿ ಹಾರ್ತು ಅಂತ ಲೆಕ್ಕ. ಆ ಗಳಿಗೆಯಲ್ಲಿ ಪಿಸ್ಟನ್ನು ತುದಿಗಿಂತ ಮೂರು ಮಿಲಿಮೀಟರಿನ ಆಸುಪಾಸು ಕೆಳಗಿರಬೇಕು. ಬಿಇ ಓದಿ ನಾನು ಕಲಿತಿದ್ದಕ್ಕೂ ಅವನು ಮಾಡ್ತಿದ್ದಕ್ಕೂ ತತ್ವದಲ್ಲಿ ಒಂದು ಕೂದಲಷ್ಟೂ ವ್ಯತ್ಯಾಸ ಇಲ್ಲ.

ಶನಿವಾರ ಬೆಳಿಗ್ಗೆ ಮಸ್ಟಾಂಗಿನ ಬಾನೆಟ್ ಎತ್ತಿದೆವು. ಇಂಥ ಕೆಲಸದಲ್ಲಿ ಒಂದು ಕ್ರಮ ಇದೆ, ಅದನ್ನ ತಪ್ಪಿಸಬಾರದು. ಮೊದಲು ಪಾಯಿಂಟಿನ ಸಂದು, ಆಮೇಲೆ ಟೈಮಿಂಗು. ಯಾಕಂದ್ರೆ ಸಂದು ಬದಲಾದ್ರೆ ಪಾಯಿಂಟು ತೆಗೆಯೋ ಹೊತ್ತೇ ಬದಲಾಗುತ್ತೆ. ಸಂದು ಹೆಚ್ಚಾದ್ರೆ ಕಿಡಿ ಮುಂಚೆ, ಕಮ್ಮಿಯಾದ್ರೆ ತಡ. ಈ ಎಂಜಿನ್ನಿಗೆ ಇರಬೇಕಾದದ್ದು ಇಂಚಿನ ಸಾವಿರದಲ್ಲಿ 17 ಭಾಗ, ಅಂದ್ರೆ 0.43 ಮಿಲಿಮೀಟರ್. ಸರಿಯಾಗಿತ್ತು. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ರೋಟರನ್ನ ತಿರುಗಿಸಿ ಬಿಟ್ಟರೆ ಸ್ಪ್ರಿಂಗಿನ ಎಳೆತಕ್ಕೆ ವಾಪಸ್ ಬಂತು. ತೂಕಗಳು ಅಂಟಿಕೊಂಡಿಲ್ಲ. ಕ್ರ್ಯಾಂಕನ್ನ ಹಿಂದೆ ಮುಂದೆ ಅಲ್ಲಾಡಿಸಿ ನೋಡಿದೆವು, ರೋಟರೂ ಬೇಗ ಹಿಂದೆಯೇ ಬಂತು. ಚೈನೂ ಅಷ್ಟೇನೂ ಸಡಿಲವಾಗಿಲ್ಲ. ವೈರುಗಳು 1-5-4-2-6-3-7-8ರ ಕ್ರಮದಲ್ಲೇ ಇದ್ದವು.

ಆಮೇಲೆ ಲೈಟು. ಒಂದನೇ ಪ್ಲಗ್ಗಿನ ವೈರಿಗೆ ಅದರ ಚಿಮುಟ ಸಿಗಿಸಿದ್ರೆ, ಆ ಪ್ಲಗ್ಗು ಕಿಡಿ ಬಿಟ್ಟಾಗಲೆಲ್ಲ ಲೈಟು ಒಮ್ಮೆ ಮಿನುಗುತ್ತೆ. ಕಗ್ಗತ್ತಲ ರಾತ್ರಿ ಮಿಂಚು ಹೊಡೆದಾಗ ಓಡುತ್ತಿರೋ ಮನುಷ್ಯ ನಿಂತ ಹಾಗೆ ಕಾಣ್ತಾನಲ್ಲ, ಹಾಗೇ ಗಿರ್ರನೆ ತಿರುಗೋ ಡ್ಯಾಂಪರ್ ಚಕ್ರ ನಿಂತುಬಿಟ್ಟಂತೆ ಕಾಣುತ್ತೆ. ಅದರ ಅಂಚಿನ ಗೀರು ಸೂಚಿಯ ಎದುರು ಎಲ್ಲಿದೆ ಅಂತ ಓದಿಕೊಳ್ಳೋದು. ವ್ಯಾಕ್ಯೂಮ್ ಪೈಪು ಕಿತ್ತು, ಬಾಯಿ ಮುಚ್ಚಿ, ಎಂಜಿನ್ನನ್ನ ನಿಧಾನಕ್ಕೆ ಇಳಿಸಿ ನೋಡಿದ್ರೆ 6 ಡಿಗ್ರಿ. ಗೀರು ಕುಣೀತಾನೂ ಇರಲಿಲ್ಲ, ಕಲ್ಲು ನೆಟ್ಟ ಹಾಗೆ ನಿಂತಿತ್ತು. ಆದರೆ ವ್ಯಾಕ್ಯೂಮ್ ಗೇಜು ಹಾಕಿದ್ರೆ 18ರಿಂದ 20 ಇಂಚು ಇರಬೇಕಾದ ಕಡೆ 14. ಅಲ್ಲಾಡದೆ 14. ಕವಾಟ ಸುಟ್ಟಿದ್ರೆ ಮುಳ್ಳು ಕುಣೀಬೇಕು. ಅಲ್ಲಾಡದೆ ಕೆಳಗಿದ್ರೆ ಕಿಡಿ ತಡ ಅನ್ನೋ ಅನುಮಾನ ಮೊದಲು ಬರಬೇಕು.

ರಾತ್ರಿ ಊರಿಗೆ ಫೋನ್ ಮಾಡಿದಾಗ ಎಂಜಿನ್ನಿನ ಸದ್ದು ರೆಕಾರ್ಡ್ ಮಾಡಿದ್ದನ್ನ ಅಪ್ಪನಿಗೆ ಕಳಿಸಿದೆ. ಅಪ್ಪ ಎರಡು ಸಲ ಕೇಳಿದ್ರು.

"ತಡವಾಗಿ ಹೊಡೀತೈತೆ ಕಣ್ಲಾ. ಉಸಿರೇ ಇಲ್ಲ ಅದ್ರಲ್ಲಿ."

"ಅಪ್ಪಾ, ಗುರುತು ಸರಿಯಾದ ಜಾಗದಲ್ಲೇ ತೋರಿಸ್ತಿದೆ. ಮೂರು ಜನ ನೋಡಿದ್ದಾರೆ."

"ಮೂರು ಜನ ನೋಡಿದ್ರೆ? ಗುರುತು ಹಾಕಿದ್ದು ಯಾರು?"

"ಕಂಪನಿಯವರೇ."

"ಯಾವಾಗ?"

"1966ರಲ್ಲಿ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ್ರು: "ನಮ್ ಕೆರೆಕೆಳಗಿನ ಗದ್ದೆ ಬಾಂದು ಕಲ್ಲೂ ಸರ್ಕಾರದೋರೇ ನೆಟ್ಟಿದ್ದು. ಕಲ್ಲು ಸರೀತೇನ್ಲಾ ಯಾವತ್ತಾದ್ರೂ? ಆದ್ರೂ ಸರೀತು. ಸರ್ವೆಯೋರು ಬಂದಾಗ ಆ ಕಲ್ಲಿಂದ ಅಳೀಲಿಲ್ಲ. ಆ ಕಡೆ ಒಂದು ಕಲ್ಲು, ಈ ಕಡೆ ಒಂದು ಕಲ್ಲು ಹಿಡಿದು ಮಧ್ಯ ಎಲ್ಲಿ ಬರ್ತದೆ ಅಂತ ನೋಡಿದ್ರು."

ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಬರಲಿಲ್ಲ. ಯಾಕಂದ್ರೆ ಆ ಡ್ಯಾಂಪರ್ ಚಕ್ರ ಒಂದೇ ತುಂಡಲ್ಲ. ಒಳಗೊಂದು ಕಬ್ಬಿಣದ ಗುಂಬ, ಹೊರಗೊಂದು ಭಾರದ ಬಳೆ, ಎರಡರ ನಡುವೆ ರಬ್ಬರ್ ಪಟ್ಟಿ. ಕ್ರ್ಯಾಂಕಿನ ನಡುಕ ಹೀರೋಕೆ ಹಾಗೆ ಮಾಡಿರ್ತಾರೆ. ಗುಂಬ ಕ್ರ್ಯಾಂಕಿಗೆ ಬೀಗಿರುತ್ತೆ, ಗೀರುಗಳಿರೋದು ಮಾತ್ರ ಹೊರಗಿನ ಬಳೆ ಮೇಲೆ. ಐವತ್ತು ವರ್ಷದ ಬಿಸಿ, ಎಣ್ಣೆ, ಚಳಿಗೆ ಯಾರು ಮಾಡಿದ ರಬ್ಬರಾದ್ರೂ ಸೋಲುತ್ತೆ. ರಬ್ಬರ್ ಸೋತ್ರೆ ಬಳೆ ಕೂದಲು ಕೂದಲಷ್ಟೇ ಹಿಂದೆ ಸರಿಯುತ್ತೆ. ಹೊರಗಿಂದ ನೋಡೋರಿಗೆ ಏನೂ ಕಾಣಲ್ಲ.

ನಮ್ಮ ಕೆಲಸದಲ್ಲೂ ಇದು ಹೊಸದಲ್ಲ. ಎರಡು ಸರ್ವರ್‌ಗಳ ಲಾಗ್ ಪಕ್ಕಪಕ್ಕ ಇಟ್ಟರೆ ಉತ್ತರ ಪ್ರಶ್ನೆಗಿಂತ ಮುಂಚೆ ಬಂದಿರುತ್ತೆ. ಪ್ರೋಗ್ರಾಮಿನಲ್ಲಿ ತಪ್ಪು ಹುಡುಕ್ತಾ ವಾರ ಕಳೆಯುತ್ತೆ. ಕೊನೆಗೆ ನೋಡಿದ್ರೆ ಒಂದು ಸರ್ವರಿನ ಗಡಿಯಾರ ಹಿಂದಿರುತ್ತೆ. ಅಳೆಯೋದನ್ನೇ ಅಳೆಯೋಕೆ ಯಾರಿಗೂ ಹೊಳೆದಿರಲ್ಲ.

ಭಾನುವಾರ ಕೆಲಸ ಮುಂದುವರೀತು. ಬ್ಯಾಟರಿ ತಂತಿ ಬಿಚ್ಚಿ, ಎಂಟೂ ಪ್ಲಗ್ಗು ತೆಗೆದು, ಒಂದನೇ ಸಿಲಿಂಡರಿನ ಪ್ಲಗ್ಗಿನ ತೂತಿಗೆ ಪಿಸ್ಟನ್ ತಡೆಯುವ ಒಂದು ಬೋಲ್ಟು ತಿರುಗಿಸಿದೆವು. ಪಿಸ್ಟನ್ನು ಮೇಲೆ ಬಂದು ಅದಕ್ಕೆ ತಾಗಿ ನಿಲ್ಲುತ್ತೆ, ತುದಿ ಮುಟ್ಟೋಕೆ ಆಗಲ್ಲ. ಇದನ್ನ ಕೈಯಲ್ಲೇ ತಿರುಗಿಸಬೇಕು, ಸ್ಟಾರ್ಟರ್ ಮುಟ್ಟಿದ್ರೆ ಪಿಸ್ಟನ್ನಿಗೆ ತೂತು ಬೀಳುತ್ತೆ. ಸ್ಪ್ಯಾನರಿನಲ್ಲಿ ಮೆಲ್ಲಗೆ ಒಂದು ದಿಕ್ಕಿಗೆ ತಿರುಗಿಸಿ ಅದು ತಾಗಿದಾಗ ಸೂಚಿಯ ಎದುರು ಬಳೆ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು. ಆಮೇಲೆ ಇನ್ನೊಂದು ದಿಕ್ಕಿಗೆ ತಿರುಗಿಸಿ ತಾಗಿದಾಗ ಇನ್ನೊಂದು ಗೀಟು. ಎರಡರ ಮಧ್ಯವೇ ನಿಜವಾದ ತುದಿ. ಪಿಸ್ಟನ್ನು ತುದಿಯ ಹತ್ರ ಎಷ್ಟು ನಿಧಾನ ಚಲಿಸುತ್ತೆ ಅಂದ್ರೆ, ನೇರವಾಗಿ ತುದಿ ಹುಡುಕಿದ್ರೆ ಕೆಲವು ಡಿಗ್ರಿ ಆಚೆ ಈಚೆ ಆಗೋದು ಸಹಜ. ಎರಡೂ ಕಡೆಯಿಂದ ಬಂದು ಮಧ್ಯ ಹಿಡಿದ್ರೆ ಆ ಗೋಜಲಿಲ್ಲ. ಬಾಂದು ಕಲ್ಲಿನ ಸರ್ವೆ ಅಂದ್ರೆ ಇದೇ ತಾನೇ.

ಗೀಟುಗಳ ನಡುವೆ ಟೇಪು ಸುತ್ತಿ ಅಳೆದೆವು. 68 ಮಿಲಿಮೀಟರ್. ಮಧ್ಯ 34ಕ್ಕೆ. ಕಂಪನಿಯ ಸೊನ್ನೆ ಗೀರು ಅಲ್ಲಿರಲಿಲ್ಲ. ಅಲ್ಲಿಂದ 17 ಮಿಲಿಮೀಟರ್ ಹಿಂದಿತ್ತು. ಆ ಬಳೆಯಲ್ಲಿ ಒಂದು ಡಿಗ್ರಿ ಅಂದ್ರೆ ಸುಮಾರು 1.4 ಮಿಲಿಮೀಟರ್. ಅಂದ್ರೆ ಗೀರು 12 ಡಿಗ್ರಿ ಸರಿದಿತ್ತು. ಲೈಟಿನಲ್ಲಿ 6 ಡಿಗ್ರಿ ಮುಂಚೆ ಅಂತ ಕಾಣ್ತಿದ್ದಿದ್ದು ನಿಜಕ್ಕೂ ತುದಿ ದಾಟಿ 6 ಡಿಗ್ರಿ ಆದ ಮೇಲೆ! ಎರಡು ವರ್ಷದಿಂದ ಆ ಕಾರು, ಜೋಕಾಲಿ ಹೋದ ಮೇಲೆ ಗಾಳಿ ತಳ್ತಾ ಇತ್ತು. ಗ್ಯಾರೇಜಿನವರು ಕೈಪಿಡಿ ಪ್ರಕಾರ ಎಷ್ಟು ನಿಖರವಾಗಿ ಕೆಲಸ ಮಾಡಿದ್ದರೋ, ಕಾರು ಅಷ್ಟೇ ನಿಖರವಾಗಿ ಕೆಟ್ಟಿತ್ತು.

ಕಿವಿಯಲ್ಲೇ ಕೇಳಿ ಡಿಸ್ಟ್ರಿಬ್ಯೂಟರ್ ತಿರುಗಿಸಿ ಸರಿಮಾಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಮಾಡಬಹುದು, ಆದರೆ ಅಪಾಯ. ಖಾಲಿ ನಿಂತ ಎಂಜಿನ್ನು ಕಿಡಿ ಮುಂದೆ ಹೋದಷ್ಟೂ ಖುಷಿಯಾಗೇ ಇರುತ್ತೆ. ಹೊರೆ ಹೊತ್ತು ಏರು ಹತ್ತುವಾಗ ಮಾತ್ರ ಟಕಟಕ ಶುರುವಾಗಿ ಪಿಸ್ಟನ್ನು ಹೋಗುತ್ತೆ. ಅಪ್ಪನ ಕಿವಿ ದಿಕ್ಕು ಹೇಳ್ತು. ಎಷ್ಟು ದೂರ ಅನ್ನೋದನ್ನ ಟೇಪೇ ಹೇಳಬೇಕಿತ್ತು.

ನಿಜವಾದ ಸೊನ್ನೆಗೆ ಬಿಳಿ ಬಣ್ಣ ಬಳಿದು, ಡಿಸ್ಟ್ರಿಬ್ಯೂಟರಿನ ಬೋಲ್ಟು ಸಡಿಲಿಸಿ, ಗಡಿಯಾರದ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿದೆ. ಈ ಎಂಜಿನ್ನಲ್ಲಿ ರೋಟರು ಅಪ್ರದಕ್ಷಿಣೆ ತಿರುಗುತ್ತೆ, ಹಾಗಾಗಿ ಮೈಯನ್ನ ಪ್ರದಕ್ಷಿಣೆ ತಿರುಗಿಸಿದ್ರೆ ಕಿಡಿ ಮುಂಚೆ ಬರುತ್ತೆ. ಡಿಸ್ಟ್ರಿಬ್ಯೂಟರಿನ ಒಂದು ಡಿಗ್ರಿ ಅಂದ್ರೆ ಕ್ರ್ಯಾಂಕಿನ ಎರಡು ಡಿಗ್ರಿ, ಅದಕ್ಕೇ ಕೈ ಹಗುರವಿರಬೇಕು. ಬಿಳಿ ಗೀರಿನಲ್ಲಿ 6 ಬರೋಷ್ಟರಲ್ಲಿ ಎಂಜಿನ್ನಿನ ದನಿಯೇ ಬದಲಾಯ್ತು. ಗೇಜು 14ರಿಂದ 19ಕ್ಕೆ ಏರ್ತು. ಯಜಮಾನರು ಮುಂದಿನ ರೆಕ್ಕೆ ಮೇಲೆ ಕೈ ಇಟ್ಟು ನಿಂತಿದ್ದವರು ಕೈ ತೆಗೀಲಿಲ್ಲ, ಮಾತೂ ಆಡಲಿಲ್ಲ.

ಅಲ್ಲಿಗೇ ನಿಲ್ಲಿಸೋ ಹಾಗಿರಲಿಲ್ಲ. ಒಮ್ಮೆ ಜಾರಿದ ಬಳೆ ಇನ್ನೂ ಜಾರುತ್ತೆ, ಪೂರ್ತಿ ಕಳಚಿದ್ರೆ ಬಾನೆಟ್ಟಿನ ಒಳಗೆ ಗರಗಸ ಬಿಟ್ಟ ಹಾಗೆ. ಹೊಸ ಡ್ಯಾಂಪರ್ ತರಿಸಿದೆವು. ಇದರಲ್ಲೂ ನೋಡಿ ತಗೋಬೇಕು. ಆ ಕಾಲದ 289ಕ್ಕೆ 28 ಔನ್ಸ್ ಲೆಕ್ಕದ ಸಮತೋಲದ್ದು ಬೇಕು. ಎಂಬತ್ತರ ದಶಕದ ಎಂಜಿನ್ನುಗಳಿಗೆ ಬಂದ 50 ಔನ್ಸಿನದ್ದು ಹಾಕಿದ್ರೆ ಇಡೀ ಎಂಜಿನ್ನು ಜ್ವರ ಬಂದ ಹಾಗೆ ನಡುಗುತ್ತೆ. ಪುಲ್ಲರ್ ಹಾಕಿ ಹಳೇದು ಎಳೆದು, ಹೊಸದು ಕೂರಿಸಿದ ಮೇಲೆ ಯಜಮಾನರೇ ಆ ತಡೆ ಬೋಲ್ಟನ್ನ ಮತ್ತೆ ಕೈಗೆ ತಗೊಂಡರು. ಹೊಸ ಗೀರನ್ನೂ ಎರಡೂ ಕಡೆಯಿಂದ ಅಳೆದೇ ನಂಬಿದ್ದು. 3000 ಸುತ್ತಿಗೆ ಏರಿಸಿ, ವ್ಯಾಕ್ಯೂಮ್ ಇಲ್ಲದೆ ಒಟ್ಟು ಮುಂಗಡ 30ರ ಆಸುಪಾಸು ಬರೋದನ್ನೂ ನೋಡಿ ಬಾನೆಟ್ ಮುಚ್ಚಿದೆವು.

ಗಿರಾಕಿ ಹೇಳಿದ ದಿನಕ್ಕೆ ಬಂದ. ಕಾರು ಮನೆಯಲ್ಲಿರಲಿಲ್ಲ.

ಹನ್ನೊಂದು ಮೈಲಿ, ಬಿಸಿಯ ಮುಳ್ಳು ಅರ್ಧ ದಾಟಲಿಲ್ಲವಂತೆ. ಆ ಅಮ್ಮ ಬಾಗಿಲ ಹತ್ರ ಬಂದು ನಿಂತು ಕಾರನ್ನ ನೋಡಿದರಂತೆ, ಗಂಡನನ್ನಲ್ಲ. ಏನೂ ಕೇಳದೆ ತಾವೇ ಬಾಗಿಲು ತೆಗೆದು ಹತ್ತಿದರಂತೆ. ಗಂಡನ ಹೆಸರು ಅವತ್ತೂ ನೆನಪಾಗಲಿಲ್ಲ. ಕಾರು ಹೆದ್ದಾರಿಗೆ ಏರಿ, ಇವರು ಎರಡು ವರ್ಷದ ಆಸೆಗೆ ಒಮ್ಮೆ ಜೋರಾಗಿ ತುಳಿದಾಗ ಮಾತ್ರ ಅವರ ಮೊಣಕೈಗೆ ಒಂದೇಟು ಹಾಕಿ, ಯಾಕಿಷ್ಟು ಅವಸರ, ನಿಧಾನ ಓಡಿಸು ಅಂದರಂತೆ. ಮದುವೆಯಾದಾಗಿಂದ ಅವಳು ಈ ಕಾರಿನಲ್ಲಿ ಹೇಳ್ತಿದ್ದಿದ್ದು ಅದೊಂದೇ ಮಾತು ಅಂತ ಯಜಮಾನರು ನನಗೆ ಹೇಳಿದರು.

ನೀವೇನು ಮಾಡಿದ್ರಿ ಸರ್ ಅಂದೆ.

ನಿಧಾನ ಓಡಿಸಿದೆ ಅಂದರು.